ಹದಿನಾಲ್ಕು ವರ್ಷದ ಐದು ಕಾಳು

ನಮ್ಮವ್ವ ಮರಿಲಿಂಗಮ್ಮನಿಗೆ ಬಿಪಿ ಇದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಡಗಾಲಿನ ಮೊಣಕಾಲು ಹಿಡಿದುಕೊಂಡಿದೆ. ಇವು ಮೂರೂ ಡಾಕ್ಟರ ಚೀಟಿಯಲ್ಲಿ ಬರೆದಿವೆ. ಚೀಟಿಯಲ್ಲಿ ಬರೆಯದೆ ಬಿಟ್ಟ ನಾಲ್ಕನೆಯ ರೋಗ ಒಂದಿದೆ. ಅದರ ಹೆಸರು ಜೈತುನಬೀ. ಸಗರದಲ್ಲಿ ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಇದ್ದಾಳೆ.

ಜೈತುನಬೀಯ ಕೋಳಿ ದಿನಾ ಮೊಟ್ಟೆಯಿಟ್ಟರೆ ಅವ್ವನಿಗೆ ಉರಿ. ಜೈತುನಬೀಯ ರೊಟ್ಟಿ ಉಬ್ಬಿದರೆ ಉರಿ. ಹೋದ ಚಳಿಗಾಲದಲ್ಲಿ ಆಕೆಗೆ ನೆಗಡಿಯಾಗಿ ನಮ್ಮ ಮನೆಯವರೆಗೂ ಕೆಮ್ಮು ಕೇಳುತ್ತಿತ್ತು. "ಕೇಳು, ಕೇಳು. ಕೆಮ್ಮೂದ್ರಾಗೂ ಎಷ್ಟ ಡೌಲು ಅಕಿಗೆ," ಎಂದಳು ಅವ್ವ. ಕೆಮ್ಮಿನಲ್ಲಿ ಎಂಥ ಡೌಲು ಇರುತ್ತದೆ ಎಂದು ನಾನು ಕೇಳಲು ಹೋಗಲಿಲ್ಲ. ಕೇಳಿದರೆ ಅದಕ್ಕೂ ಅವಳ ಹತ್ತಿರ ಉತ್ತರವಿರುತ್ತಿತ್ತು.

ನಾನು ಅವಳ ಮಗಳು, ಪಂಚಶೀಲಾ. ಶಹಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದ ಕೂಡಲೇ ಏನೋ ಮರ್ಯಾದೆ ಎಂದುಕೊಳ್ಳಬೇಡಿ, ಸ್ಟಾಫ್ ರೂಮಿನಲ್ಲಿ ನನಗೆಂದು ಒಂದು ಕುರ್ಚಿಯೂ ಇಲ್ಲ. ಕಲಬುರಗಿಯಲ್ಲಿ ಎಂಎಸ್ಸಿ ಮುಗಿಸಿ, ಇಡೀ ಬ್ಯಾಚಿಗೆ ಎರಡನೆಯವಳಾಗಿ ಬಂದೆ ಎಂದು ಕುಣಿದುಕೊಂಡು ಮನೆಗೆ ಬಂದಾಗ ಅವ್ವ ಕೇಳಿದ ಮೊದಲ ಮಾತು, "ಮೊದಲನೇದಕಿ ಯಾರು? ಯಾರ ಮಗಳು ಅಕಿ?" ಆ ಹುಡುಗಿಗೆ ಈಗ ಪರ್ಮನೆಂಟ್ ನೌಕರಿ. ಇವತ್ತಿಗೂ ಅವಳ ವಾಟ್ಸಾಪ್ ಸ್ಟೇಟಸ್ ಕಣ್ಣಿಗೆ ಬಿದ್ದರೆ ನನಗೆ ಊಟ ರುಚಿಸುವುದಿಲ್ಲ. ಹೊಟ್ಟೆಕಿಚ್ಚು ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದದ್ದು, ನಾನು ಅದನ್ನು ಮುಚ್ಚಿಡುವುದಿಲ್ಲ.

ಅವ್ವನ ಉರಿಗೆಲ್ಲ ಮೂಲ ಬಿಳಿಜೋಳದ ಬೀಜ. ಹದಿನಾಲ್ಕು ವರ್ಷದ ಹಿಂದೆ ನಮ್ಮ ಓಣಿಯವರು ಹೊರಗಿನಿಂದ ತಂದು ಬಿತ್ತಿದ ಬೀಜ ಅರ್ಧಕ್ಕರ್ಧ ಮೊಳೆಯಲಿಲ್ಲ. ಆಗ ಹನ್ನೊಂದು ಮನೆಯ ಹೆಂಗಸರು ಸೇರಿ ಒಂದು ಸಂಘ ಕಟ್ಟಿದರು. ಎಲ್ಲರದೂ ಎರಡೋ ಮೂರೋ ಎಕರೆ. ಐದು ಮುಸ್ಲಿಮರ ಮನೆ, ಆರು ನಮ್ಮ ದಲಿತರವು. ಇನ್ನು ಮುಂದೆ ಬೀಜ ನಾವೇ ಇಡೋಣ, ಹಿಂಗಾರಿ ಬಿತ್ತನೆಗೆ ಮೊದಲು ಪರೀಕ್ಷೆ ಮಾಡೋಣ, ಯಾರ ಕಾಳು ಹೆಚ್ಚು ಮೊಳೆಯುತ್ತದೋ ಆ ಬೀಜವನ್ನೇ ಹನ್ನೊಂದೂ ಹೊಲಕ್ಕೆ ಹಾಕೋಣ ಎಂದು ಮಾತಾಯಿತು. ಗೆದ್ದವಳಿಗೆ ಬಹುಮಾನವೆಂದರೆ ಒಂದೇ. ಮೊದಲ ಹೊಲದಲ್ಲಿ ಬೀಜ ಬಿತ್ತುವ ಕೂರಿಗೆ ಹೂಡಿದಾಗ ಅದರ ಬಟ್ಟಲಿಗೆ ಮೊದಲ ಮುಷ್ಟಿ ಕಾಳು ಅವಳೇ ಬಿಡಬೇಕು.

ಒಂದು ಮುಷ್ಟಿ ಜೋಳಕ್ಕೆ ಇಷ್ಟೊಂದು ಯಾಕೆ ಎಂದು ನಿಮಗೆ ಅನ್ನಿಸಬಹುದು. ಅವ್ವನಂಥವರ ಕೈ ಕಂಡವರ ಹೊಲದಲ್ಲಿ ಕಸ ಕೀಳಲು ಬೇಕಿತ್ತು, ಹತ್ತಿ ಬಿಡಿಸಲು ಬೇಕಿತ್ತು, ರಾಶಿ ಮಾಡಲು ಬೇಕಿತ್ತು. ಬಿತ್ತುವ ದಿನ ಮಾತ್ರ "ನೀ ಸ್ವಲ್ಪ ಅತ್ಲಾಗ ನಿಂದರು," ಎನ್ನುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅತ್ತ ನಿಂತೇ ಇದ್ದ ಅವ್ವನಿಗೆ ಹನ್ನೊಂದು ಹೊಲದ ಬೀಜಕ್ಕೆ ತನ್ನ ಕೈ ಮೊದಲು ಬೀಳಬೇಕೆಂಬ ಆಸೆ. ಅಪ್ಪ ತೀರಿಕೊಂಡ ಮೇಲೆ ಆ ಆಸೆ ಇನ್ನೂ ಬಲಿಯಿತು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಅದು ಕೈಗೂಡಲಿಲ್ಲ. ಹದಿನಾಲ್ಕು ಸಲವೂ ಜೈತುನಬೀಯೇ ಗೆದ್ದಳು.

ಪರೀಕ್ಷೆಯೆಂದರೆ ದೊಡ್ಡ ಯಂತ್ರವೇನಿಲ್ಲ. ಗೋಣಿಚೀಲದ ತುಂಡನ್ನು ನೀರಲ್ಲಿ ನೆನೆಸಿ ಹಾಸುತ್ತಾರೆ. ಅದರ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲು ಕಾಳು ಜೋಡಿಸಿ, ಸುರುಳಿ ಸುತ್ತಿ, ದಾರ ಕಟ್ಟಿ, ನೀರಿನ ಹರವಿಯ ಪಕ್ಕದ ತಂಪಿನಲ್ಲಿ ಇಡುತ್ತಾರೆ. ಮುಂಜಾನೆ ಸಂಜೆ ನೀರು ಚಿಮುಕಿಸಬೇಕು. ನಾಲ್ಕನೆಯ ದಿನ ಬಿಚ್ಚಿ ನೂರರಲ್ಲಿ ಎಷ್ಟು ಮೊಳೆತಿವೆ ಎಂದು ಎಣಿಸುವುದು. ಅಂಗನವಾಡಿ ಟೀಚರ್ ನಂದಿನಿ ಎಣಿಸುತ್ತಾಳೆ, ಸಂಘದ ವಹಿಯಲ್ಲಿ ಬರೆಯುತ್ತಾಳೆ.

ಮೊದಲ ವರ್ಷವೇ ಜಗಳವಾಗಿತ್ತು. ಪ್ರತಿಯೊಬ್ಬಳೂ ಮನೆಯಲ್ಲೇ ಕುಳಿತು ದಪ್ಪ ದಪ್ಪ ಕಾಳು ಆರಿಸಿಕೊಂಡು ಬಂದಿದ್ದಳು. ಅದಕ್ಕೆ ಅಲ್ಲಿಯೇ ಒಂದು ಕಾಯಿದೆ ಮಾಡಿದರು. ನಿನ್ನ ಗಡಿಗೆಯಿಂದ ಕಾಳು ತೆಗೆಯುವವಳು ನೀನಲ್ಲ, ನಿನ್ನ ಎದುರಾಳಿ. ಬರಬರುತ್ತ ಉಳಿದವರ ಬೀಜಕ್ಕೆ ಹುಳ ಹಿಡಿದು, ಬೇಸರ ಹಿಡಿದು, ಕಡೆಗೆ ಎರಡೇ ಗಡಿಗೆ ಉಳಿದವು. ಹೀಗಾಗಿ ಜೈತುನಬೀಯ ಗಡಿಗೆಯಲ್ಲಿ ಅವ್ವನ ಕೈ, ಅವ್ವನ ಗಡಿಗೆಯಲ್ಲಿ ಜೈತುನಬೀಯ ಕೈ. ಅವ್ವ ಏನು ಮಾಡುತ್ತಿದ್ದಳೆಂದು ಹೇಳಲು ನನಗೇ ನಾಚಿಕೆ. ಮೊಳಕೈವರೆಗೆ ಕೈ ಇಳಿಸಿ, ತಳ ಕೆರೆದು, ನುಸಿ ಹಿಡಿದಿರಬಹುದಾದ ಕಾಳನ್ನೇ ಬಾಚಿ ತರುತ್ತಿದ್ದಳು. ಅಷ್ಟಾದರೂ ಜೈತುನಬೀಯದು ತೊಂಬತ್ತೈದು, ತೊಂಬತ್ತಾರು. ಅವ್ವನದು ತೊಂಬತ್ತೊಂದು, ಎಂಬತ್ತೆಂಟು. "ಅಕೀ ಕೈಗೆ ಕಣ್ಣ ಅದಾವಬೇ. ನನ್ನ ಗಡಿಗ್ಯಾಗ ಸತ್ತ ಕಾಳ ಹುಡಿಕ್ಯಾಡಿ ತಗೀತಾಳ," ಎಂದು ಅವ್ವ ವರ್ಷಗಟ್ಟಲೆ ಗೊಣಗಿದಳು. ತಾನು ಮಾಡಿದ್ದನ್ನೇ ಆಕೆಯೂ ಮಾಡುತ್ತಾಳೆಂದು ಅವಳ ಲೆಕ್ಕ.

ಈ ವರ್ಷ ಶ್ರಾವಣದಲ್ಲಿ ಸಂಘ ಕೂಡಿತು. ಕಾಲುವೆ ನೀರು ಹತ್ತಿರಕ್ಕೆ ಬಂದಿದೆ, ಒಬ್ಬರು ಹತ್ತಿ ಎನ್ನುತ್ತಾರೆ, ಇನ್ನೊಬ್ಬರು ಭತ್ತ ಎನ್ನುತ್ತಾರೆ. ಇದೇ ಕಡೆಯ ಜೋಳ, ಮುಂದಿನ ವರ್ಷದಿಂದ ಬೀಜ ಇಡುವುದು ಬೇಡ ಎಂದು ತೀರ್ಮಾನವಾಯಿತು. ಮನೆಗೆ ಬಂದ ಅವ್ವ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟಳು. "ಈ ಸಲ ಇಲ್ಲಂದ್ರ ಇನ್ನ ಇಲ್ಲ ನೋಡು ಶೀಲಾ," ಎಂದಳು. ಜೈತುನಬೀ ಹದಿನಾಲ್ಕು ಸಲ ಉಂಡು ತೇಗಿದ್ದರಲ್ಲಿ ಒಂದೇ ಒಂದು ಸಲ ನಮ್ಮವ್ವನಿಗೆ ಸಿಕ್ಕಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆ ವಾರ ಕಾಲೇಜಿನಲ್ಲಿ ನಾನು ಕಾನ್ಫಿಡೆನ್ಸ್ ಇಂಟರ್‌ವಲ್ ಕಲಿಸುತ್ತಿದ್ದೆ. ಇಡೀ ರಾಶಿಯನ್ನು ಎಣಿಸಲು ಆಗುವುದಿಲ್ಲ, ಒಂದು ಮುಷ್ಟಿ ತೆಗೆದು ಎಣಿಸುತ್ತೇವೆ. ಬೇರೆ ಮುಷ್ಟಿ ತೆಗೆದರೆ ಬೇರೆ ಲೆಕ್ಕ ಬರುತ್ತದೆ. ಅದಕ್ಕೆ ಒಂದೇ ಸಂಖ್ಯೆಯನ್ನು ಹಿಡಿದುಕೊಂಡು ಕೂರದೆ, ನಿಜ ಇಷ್ಟರಿಂದ ಇಷ್ಟರೊಳಗೆ ಇದ್ದೀತು ಎಂದು, ತೊಂಬತ್ತೈದು ಪರ್ಸೆಂಟ್ ಭರವಸೆಯಿಟ್ಟು, ಒಂದು ಅಂತರ ಹೇಳುತ್ತೇವೆ. "ಮೇಡಂ, ತೊಂಬತ್ತೈದು ಪರ್ಸೆಂಟ್ ಅಂದ್ರ ನಿಜ ಆ ಅಂತರದಾಗ ತೊಂಬತ್ತೈದು ಸಲ ಬಂದು ಕುಂದರ್ತದೇನ್ರಿ?" ಎಂದು ಒಬ್ಬಳು ಕೇಳಿದಳು. ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಮ್ಮೆ ನಿಂತಲ್ಲೇ ನಿಂತಿದೆ, ಹಗ್ಗದ ಕುಣಿಕೆ ಎಸೆಯುವವರು ನಾವು ಎಂದೆ. ನೂರು ಸಲ ಎಸೆದರೆ ತೊಂಬತ್ತೈದು ಸಲ ಕೊರಳಿಗೆ ಬೀಳುತ್ತದೆ, ಐದು ಸಲ ತಪ್ಪುತ್ತದೆ. ಇವತ್ತು ಎಸೆದದ್ದು ಬಿದ್ದಿತೋ ತಪ್ಪಿತೋ ನಮಗೆ ಗೊತ್ತಾಗುವುದಿಲ್ಲ. ಹುಡುಗಿಯರು ಎಮ್ಮೆಗೆ ನಕ್ಕರು, ನನಗೆ ಅವ್ವನ ಗಡಿಗೆ ನೆನಪಾಯಿತು.

ಲೆಕ್ಕ ಹಾಕಿದೆ. ನೂರರಲ್ಲಿ ತೊಂಬತ್ತು ಮೊಳೆತರೆ ನಿಜವಾದ ಪ್ರಮಾಣ ಎಂಬತ್ತನಾಲ್ಕರಿಂದ ತೊಂಬತ್ತಾರರವರೆಗೆ ಎಲ್ಲಿ ಬೇಕಾದರೂ ಇರಬಹುದು. ತೊಂಬತ್ತೈದು ಮೊಳೆತರೆ ತೊಂಬತ್ತೊಂದರಿಂದ ತೊಂಬತ್ತೊಂಬತ್ತು. ಎರಡೂ ಒಂದರ ಮೇಲೊಂದು ಬಿದ್ದುಕೊಂಡಿವೆ. ಅಂದ ಮೇಲೆ ಜೈತುನಬೀಯ ಬೀಜ ಹೆಚ್ಚು ಚೆನ್ನ ಎಂದು ಹೇಳಿದವರು ಯಾರು? ಭಾನುವಾರ ಸಗರಕ್ಕೆ ಹೋಗಿ ಅವ್ವನ ಗಡಿಗೆಯನ್ನು ಚಾದರದ ಮೇಲೆ ಸುರಿದು, ಚೆನ್ನಾಗಿ ಕಲಸಿ, ಕಣ್ಣು ಮುಚ್ಚಿ ಒಂದು ಡಬ್ಬಿ ತುಂಬಿಕೊಂಡು ಬಂದೆ. ಶಹಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ನೂರು ನೂರು ಕಾಳಿನ ಹತ್ತು ಸುರುಳಿ ಕಟ್ಟಿದೆ. ಹಾಸಿಗೆ ಬಿಟ್ಟರೆ ಉಳಿದ ಜಾಗವೆಲ್ಲ ಒದ್ದೆ ಗೋಣಿ. ನಾಲ್ಕನೆಯ ದಿನ ಎಣಿಸಿದರೆ ಎಂಬತ್ತಾರು, ತೊಂಬತ್ತಮೂರು, ತೊಂಬತ್ತು, ಎಂಬತ್ತೆಂಟು, ತೊಂಬತ್ತೊಂದು, ತೊಂಬತ್ತೈದು, ಎಂಬತ್ತೊಂಬತ್ತು, ತೊಂಬತ್ತು, ಎಂಬತ್ತೇಳು, ತೊಂಬತ್ತೆರಡು. ಒಂದೇ ಗಡಿಗೆಯ ಕಾಳು!

ಕುಣಿದುಕೊಂಡು ಹೋಗಿ ಅವ್ವನ ಮುಂದೆ ಹತ್ತೂ ಸುರುಳಿ ಬಿಚ್ಚಿದೆ.

"ನೋಡವ್ವ, ಇವೆಲ್ಲ ನಿನ್ನ ಗಡಿಗೀವೇ. ಒಂದ್ರಾಗ ಎಂಬತ್ತಾರು ಮೊಳತಾವ, ಇನ್ನೊಂದ್ರಾಗ ತೊಂಬತ್ತೈದು."

"ಅಂದ್ರ?"

"ಅಂದ್ರ ನಿನ್ನ ಗಡಿಗಿ ತನ್ನನ್ನ ತಾನ ಒಂಬತ್ತು ಕಾಳಿಂದ ಸೋಲಸ್ತದ. ಮುಷ್ಟಿ ಬದಲಾದ್ರ ಲೆಕ್ಕ ಬದಲಾಗ್ತದ. ಹೋದ ವರ್ಷ ಜೈತುನ್ ಖಾಲಾಂದು ನಾಕ ಕಾಳ ಹೆಚ್ಚ ಬಂತಲ್ಲ, ಅಷ್ಟಕ್ಕ ಅಕಿ ಬೀಜ ಚಲೋ ಅನ್ನಾಕ ಬರಂಗಿಲ್ಲ."

ಅವ್ವ ಖುಷಿಪಡುತ್ತಾಳೆ, ನನ್ನ ಗಲ್ಲ ಹಿಡಿದು ಮುದ್ದಿಸುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು.

"ಹಂಗಾದ್ರ ಹದಿನಾಕ ವರ್ಷ ನಾ ಸುಮ್ಮಸುಮ್ಮನ ಉರಕೊಂಡ್ನೇನು?"

"ಹಂಗಲ್ಲವ್ವ..."

"ಹಂಗಲ್ಲ ಅಂದ್ರ ಹೆಂಗ? ಒಂದ ವರ್ಷ ಅಕೀದು ಹೆಚ್ಚ ಬಂತು, ಕೈಗೆ ಸಿಕ್ಕದ್ದು ಅನ್ನು. ಎರಡ ವರ್ಷ ಬಂತು, ಅದೂ ಅನ್ನು. ಹದಿನಾಕಕ್ಕ ಹದಿನಾಕು ವರ್ಷನೂ ಮುಷ್ಟಿ ಅಕೀ ಕಡೀನ ಸರೀತದೇನು? ಇದನ್ನ ಓದಾಕ ಕಲಬುರಗಿತನ ಹೋಗಿದ್ದೇನು ನೀ?"

ಒಂದು ಅಕ್ಷರ ಬಾರದ ಹೆಂಗಸು ಎಂಎಸ್ಸಿಯವಳ ಕಿವಿ ಹಿಂಡಿದ್ದಳು. ತಪ್ಪು ನನ್ನದೇ. ಒಂದೊಂದು ವರ್ಷವನ್ನೂ ಬಿಡಿಬಿಡಿಯಾಗಿ ನೋಡಿ, ನೂರು ಕಾಳಿನಿಂದ ಏನೂ ಹೇಳಲಾಗದು ಎಂದು ಕೈ ತೊಳೆದುಕೊಂಡಿದ್ದೆ. ಹದಿನಾಲ್ಕು ವರ್ಷವನ್ನು ಕೂಡಿಸಿದರೆ ಅದು ನೂರು ಕಾಳಲ್ಲ, ಸಾವಿರದ ನಾನೂರು. ಕಾಳು ಹೆಚ್ಚಾದಷ್ಟೂ ಅಂತರ ಕಿರಿದಾಗುತ್ತದೆ. ಇದನ್ನೇ ಹಿಂದಿನ ವಾರ ಬೋರ್ಡಿನ ಮೇಲೆ ಬರೆದು, ಎರಡು ಸಲ ಗೆರೆ ಎಳೆದು ಬಂದಿದ್ದೆ.

ನಂದಿನಿಯ ಹತ್ತಿರ ಸಂಘದ ವಹಿ ಕೇಳಿದೆ. "ಯಾಕ್ರಿ ಮೇಡಂ, ನಮ್ಮ ಎಣಿಕಿ ಮ್ಯಾಲ ಡೌಟೇನ್ರಿ?" ಎಂದು ನಗುತ್ತಲೇ ಕೊಟ್ಟಳು. ಸಗರದ ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತು ಕೂಡಿಸಿದೆ. ಸಾವಿರದ ನಾನೂರರಲ್ಲಿ ಅವ್ವನವು ಮೊಳೆತದ್ದು ಸಾವಿರದ ಇನ್ನೂರ ಅರವತ್ತು. ಜೈತುನಬೀಯವು ಸಾವಿರದ ಮುನ್ನೂರ ಮೂವತ್ತು. ಅವ್ವನದು ನೂರಕ್ಕೆ ತೊಂಬತ್ತು, ಅಂತರ ಎಂಬತ್ತೆಂಟೂವರೆಯಿಂದ ತೊಂಬತ್ತೊಂದೂವರೆ. ಜೈತುನಬೀಯದು ತೊಂಬತ್ತೈದು, ಅಂತರ ತೊಂಬತ್ತನಾಲ್ಕರಿಂದ ತೊಂಬತ್ತಾರು. ಎರಡೂ ಈಗ ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಅವ್ವ ತಳ ಕೆರೆದು ಮೋಸ ಮಾಡಿದ್ದೂ ಸೇರಿ ಇಷ್ಟು. ಇನ್ನು ಜೈತುನಬೀ ಸತ್ತ ಕಾಳು ಹುಡುಕಿ ತೆಗೆಯುತ್ತಾಳೆ ಎಂಬ ಆಸೆಯೂ ಹೋಯಿತು. ನಾನೇ ಕಣ್ಣು ಮುಚ್ಚಿ ತೆಗೆದ ಹತ್ತು ಸುರುಳಿಯ ಸರಾಸರಿಯೂ ತೊಂಬತ್ತೇ ಬಂದಿತ್ತು.

ಜೈತುನಬೀಯ ಮೇಲೆ ನನಗೆ ಅವ್ವನಿಗಿಂತ ಹೆಚ್ಚು ಹೊಟ್ಟೆಕಿಚ್ಚಾದದ್ದು ಅವತ್ತು. ಅವ್ವನಿಗಾದರೂ ಅನುಮಾನ ಇತ್ತು, ಅದನ್ನು ಹಿಡಿದುಕೊಂಡು ಬೈಯಬಹುದಿತ್ತು. ನನ್ನ ಕೈಯಲ್ಲಿ ಲೆಕ್ಕವೇ ಇತ್ತು. ಏನು ಮಾಡುತ್ತಾಳೆ ಈ ಹೆಂಗಸು? ಅದೇ ಕಪ್ಪು ಮಣ್ಣು, ಅದೇ ಮಳೆ, ಅದೇ ತಳಿ. ಹಾಳೆಯನ್ನು ಮಡಿಚಿ ಬ್ಯಾಗಿನ ತಳಕ್ಕೆ ತುರುಕಿದೆ. ಅವ್ವ ಕೇಳಿದಾಗ ನಂದಿನಿ ವಹಿ ಕೊಡಲಿಲ್ಲ ಎಂದು ಹೇಳಿದೆ.

ಗಣೇಶ ಚೌತಿ ಮುಗಿದ ಮೇಲೆ ಕಡೆಯ ಪರೀಕ್ಷೆ. ಈ ಸಲ ಗಡಿಗೆಗೆ ಯಾರ ಕೈಯೂ ಬೇಡ ಎಂದು ನಾನು ಹಟ ಹಿಡಿದೆ. ಎರಡನ್ನೂ ಬೇರೆ ಬೇರೆ ಚಾದರದ ಮೇಲೆ ಸುರಿದು, ಕಲಸಿ, ಚಹಾದ ಲೋಟದಿಂದ ನೋಡದೆ ತೆಗೆಯಬೇಕು ಎಂದೆ. ಜೈತುನಬೀ ಸೆರಗು ಸರಿ ಮಾಡಿಕೊಂಡು ನಕ್ಕಳು. "ತಗಿ ಬೇಟಿ, ಹೆಂಗರ ತಗಿ. ಅವು ಖುದಾ ಕೊಟ್ಟ ಕಾಳು, ಲೋಟದಾಗ ಬಂದ್ರೇನು, ಕೈಯಾಗ ಬಂದ್ರೇನು." ಅವಳ ಆ ನಗು ನನಗೆ ಹಿಡಿಸಲಿಲ್ಲ. ಸೋಲು ಗೊತ್ತಿಲ್ಲದವರಿಗೆ ಮಾತ್ರ ಹಾಗೆ ನಗಲು ಬರುತ್ತದೆ.

ನಾಲ್ಕನೆಯ ದಿನ ನಂದಿನಿಯ ಅಂಗನವಾಡಿ ಕಟ್ಟೆಯ ಮೇಲೆ ಓಣಿಯೆಲ್ಲ ಕೂಡಿತು. ಅವ್ವನಿಗೆ ಮೊಳಕೆ ಕಾಣುವುದಿಲ್ಲ, ಬಿಳಿ ಬಿಳಿ ಮಸುಕು ಅಷ್ಟೇ. ನನ್ನ ರಟ್ಟೆ ಹಿಡಿದುಕೊಂಡು ನಿಂತಿದ್ದ ಅವಳ ಉಗುರು ಚರ್ಮಕ್ಕೆ ನಾಟುತ್ತಿತ್ತು. ಮೊದಲು ಜೈತುನಬೀಯ ಸುರುಳಿ ಬಿಚ್ಚಿದರು. ಏಳು ಕಾಳು ಮೊಳೆತಿರಲಿಲ್ಲ. ತೊಂಬತ್ತಮೂರು.

ಅವ್ವನ ಸುರುಳಿ ಬಿಚ್ಚಿದರು. ನಂದಿನಿ ಸಾಲು ಸಾಲಾಗಿ ಬೆರಳಿಟ್ಟು ಎಣಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು.

"ತೊಂಬತ್ತೈದ್ರಿ," ಎಂದಳು.

"ಯಾರ್ದು?" ಎಂದಳು ಅವ್ವ.

"ನಿಮ್ದ್ರೀ ಯಮ್ಮಾ, ನಿಮ್ದ!"

"ಇನ್ನೊಮ್ಮಿ ಎಣಸು."

ಮೂರನೆಯ ಸಲ ಎಣಿಸಿದರೂ ತೊಂಬತ್ತೈದೇ. ಅವ್ವ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಎದ್ದವಳು ಆ ಮೊಣಕಾಲಿನಲ್ಲೇ ಓಣಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ತಿರುಗಿದಳು. ಮನೆಗೆ ಬಂದು ಗೋಧಿ ಹುಗ್ಗಿ ಮಾಡಿದಳು. ಮೊದಲ ಬಟ್ಟಲು ಜೈತುನಬೀಯ ಮನೆಗೇ ಕಳಿಸಿದಳು, ಪ್ರೀತಿಯಿಂದಲ್ಲ. "ಕೊಟ್ಟು ಅಲ್ಲೇ ನಿಂದರು. ಬೆಲ್ಲ ಸಾಕಾಗ್ಯದೋ ಇಲ್ಲೋ ಅಂತ ಕೇಳ್ಕೊಂಡ ಬಾ," ಎಂದು ನನಗೆ ಹೇಳಿಕೊಟ್ಟಳು. ಜೈತುನಬೀ ಬಟ್ಟಲು ಬಳಿದು ತಿಂದು, ಬೆಲ್ಲ ಸರಿಯಾಗಿದೆ ಎಂದಳು. ಅವ್ವನಿಗೆ ಅದೊಂದು ನಿರಾಸೆ.

ನಾನೂ ಎರಡು ಬಟ್ಟಲು ತಿಂದೆ. ತಿನ್ನುವಾಗ ನನ್ನ ಕೋಣೆಯ ಆರನೆಯ ಸುರುಳಿ ಕಣ್ಣ ಮುಂದೆ ಬಂತು. ಇದೇ ಗಡಿಗೆ ಅಲ್ಲಿಯೂ ಒಂದು ಸಲ ತೊಂಬತ್ತೈದು ಕೊಟ್ಟಿತ್ತು, ಹಿಂದೆಯೇ ಎಂಬತ್ತೊಂಬತ್ತು ಕೊಟ್ಟಿತ್ತು. ಇವತ್ತು ಲೋಟಕ್ಕೆ ಒಳ್ಳೆಯ ಮುಷ್ಟಿ ಬಿದ್ದಿತ್ತು, ಅಷ್ಟೇ. ಯಾರಿಗೂ ಹೇಳಲಿಲ್ಲ. ಹೇಳಿದರೆ ಜೈತುನಬೀಗೆ ಲಾಭ, ನಾನ್ಯಾಕೆ ಹೇಳಲಿ?

ಬಿತ್ತನೆಯ ಹಿಂದಿನ ದಿನ ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಬೀಜ ಹಸನು ಮಾಡುತ್ತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ. ತಲೆ ಎತ್ತದೆ ಕೇಳಿದಳು.

"ನಂದಿನಿ ವಹಿ ಕೊಟ್ಟಿದ್ಳಂತಲ್ಲ ನಿನಗ?"

ನಾನು ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟೆ.

"ಏನ್ ಬಂತು ಲೆಕ್ಕ?"

"ಈಗ್ಯಾಕವ್ವ ಅದು? ನೀ ಗೆದ್ದೀ."

"ಗೆದ್ದೀನಿ, ನನಗ ಗೊತ್ತದ. ಲೆಕ್ಕ ಕೇಳಾಕತ್ತೀನಿ ನಾ. ಹನ್ನೊಂದು ಹೊಲಕ್ಕ ನಾಳಿಗೆ ಇದನ್ನ ಹಾಕೋರ ಅದಾರ. ನೀ ಸುಳ್ಳ ಹೇಳಿದ್ರ ಆ ಹನ್ನೊಂದು ಮನಿಗೂ ಹೇಳಿದಂಗ."

ಹಾಳಾದ ಲೆಕ್ಕ. ಕಲಿಸಿ ಕಲಿಸಿ ಅದನ್ನು ಸುಳ್ಳು ಮಾಡಲು ನನಗೆ ಬರುವುದಿಲ್ಲ. ಹೇಳಿದೆ. "ನಿಂದು ನೂರಕ್ಕ ತೊಂಬತ್ತು. ಜೈತುನ್ ಖಾಲಾಂದು ತೊಂಬತ್ತೈದು. ಈ ವರ್ಷದ್ದು ಕೂಡಿಸಿದ್ರೂ ಅಷ್ಟ ಬರ್ತದ."

"ಅಂದ್ರ ಐದ ಕಾಳು."

"ಐದ ಕಾಳವ್ವ."

ಅವ್ವ ಮೊರವನ್ನು ತೊಡೆಯ ಮೇಲಿಂದ ಕೆಳಗಿಟ್ಟಳು. ಇಪ್ಪತ್ತು ಕಾಳಿಗೆ ಒಂದು ಕಾಳು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಹಂಗಾದ್ರ ಅಕೀ ಬೀಜ ಚಲೋನ ಅದ," ಎಂದಳು. ಈ ಮಾತು ನಮ್ಮವ್ವನ ಬಾಯಿಂದ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಬೆಳಗಾಗುತ್ತಲೇ ಜಳಕ ಮಾಡಿ, ಹಸಿರು ಸೀರೆ ಉಟ್ಟು ಹೊರಟಳು. ಹೊಲದ ಕಡೆಗಲ್ಲ, ಎರಡು ಬಾಗಿಲು ಆಚೆಗೆ. ನಾನು ಹಿಂದೆ ಓಡಿದೆ. ಜೈತುನಬೀ ಬಾಗಿಲಲ್ಲಿ ಕುಳಿತು ಹಲ್ಲುಜ್ಜುತ್ತಿದ್ದಳು.

"ಜೈತುನ್, ನಿನ್ನ ಬೀಜ ಕೊಡು," ಎಂದಳು ಅವ್ವ, ಒಂದು ನಮಸ್ಕಾರವಿಲ್ಲ, ಏನಿಲ್ಲ. "ಹೊಲಕ್ಕ ನಿಂದ ಹಾಕೂನು. ಮುಷ್ಟಿ ಮಾತ್ರ ನಾನ ಬಿಡಾಕಿ."

ಜೈತುನಬೀ ಬಾಯಿ ಮುಕ್ಕಳಿಸಿ ಉಗುಳಿದಳು. "ಅರೆ, ಗೆದ್ದಕಿ ನೀನು ಮರಿಲಿಂಗಿ. ನಿನ್ನ ಬೀಜ ಹಾಕು. ನಂದ್ಯಾಕ?"

"ಗೆದ್ದಿದ್ದು ಆ ಲೋಟದಾಗಿನ ಕಾಳು. ಗಡಿಗಿ ಅಲ್ಲ. ನನ್ನ ಮಗಳು ಲೆಕ್ಕ ಮಾಡ್ಯಾಳ." ಅವ್ವ ಕತ್ತು ಬಗ್ಗಿಸಲಿಲ್ಲ. "ಆದ್ರ ಮುಷ್ಟಿ ಬಿಡಂಗಿಲ್ಲ ನಾ. ಅದು ನನ್ನ ಹಕ್ಕು."

ಜೈತುನಬೀ ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು. ಎದ್ದು ಒಳಗೆ ಹೋಗಿ ಗಡಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ತಂದು ಅವ್ವನ ಕಾಲ ಹತ್ತಿರ ಇಟ್ಟಳು. ಅವ್ವ ಬಗ್ಗಿ ಗಡಿಗೆಯಲ್ಲಿ ಕೈ ಆಡಿಸಿದಳು. ಈ ಸಲ ತಳ ಕೆರೆಯಲಿಲ್ಲ.

"ಏನ್ ಮಾಡ್ತೀಬೇ ಇದಕ್ಕ?" ಎಂದಳು.

"ಏನಿಲ್ಲ. ಬೀಜಕ್ಕ ಅಂತ ತೆನಿ ತಗದಾಗ ನಡುವಿನ ಕಾಳಷ್ಟ ಇಡ್ತೀನಿ. ತುದೀದು, ಬುಡದ್ದು ರೊಟ್ಟಿಗೆ."

"ಅಷ್ಟನ?"

"ಅಷ್ಟ."

"ಹದಿನಾಕ ವರ್ಷ ಒಮ್ಮೆರ ಹೇಳಬೇಕಿಲ್ಲೇನು?"

"ನೀ ಒಮ್ಮೆರ ಕೇಳಿದ್ರ ಹೇಳ್ತಿದ್ದೆ. ನೀ ನನ್ನ ಕೂಡ ಎಲ್ಲಿ ಮಾತಾಡ್ತಿದ್ದಿ?" ಎಂದಳು ಜೈತುನಬೀ.

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಂದಿನ ವರ್ಷ ನಮ್ಮ ಓಣಿಯಲ್ಲಿ ಜೋಳವೇ ಇಲ್ಲ. ಗೊತ್ತಾದ ಗುಟ್ಟನ್ನು ಇನ್ನು ಯಾವ ಹೊಲದಲ್ಲಿ ಉಪಯೋಗಿಸಬೇಕು? ನಾನು ಗಡಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದೆ, ಅವರಿಬ್ಬರೂ ಹಿಂದೆ ಬಂದರು.

ಹೊಲದಲ್ಲಿ ಜೈತುನಬೀಯ ಗಂಡ ರಾಜಾಸಾಬ ಎತ್ತು ಹೂಡಿ ಕೂರಿಗೆ ಹಿಡಿದು ನಿಂತಿದ್ದ. ಹನ್ನೊಂದೂ ಮನೆಯ ಹೆಂಗಸರು ಬಂದಿದ್ದರು. ಅವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡಳು. ನಾನು ಅವಳ ಮಣಿಕಟ್ಟು ಹಿಡಿದು ಕೂರಿಗೆಯ ಬಟ್ಟಲು ಎಲ್ಲಿದೆ ಎಂದು ತೋರಿಸಿದೆ. ಬೆರಳಿನಿಂದ ಅದರ ಅಂಚು ತಡವಿ ನೋಡಿ, ಉಡಿಯಿಂದ ಮುಷ್ಟಿ ತುಂಬಿ, "ನಡಸ್ರಿ ಅಣ್ಣಾ," ಎಂದಳು. ಎತ್ತು ಹೆಜ್ಜೆ ಇಟ್ಟವು. ಅವ್ವನ ಬೆರಳ ಸಂದಿನಿಂದ ಕಾಳು ಬಟ್ಟಲಿಗೆ ಜಾರಿದವು. ಹೆಂಗಸರು ಹೋ ಎಂದರು. ನಾನು ಅತ್ತೆ, ನಾಚಿಕೆ ಬಿಟ್ಟು ಅತ್ತೆ.

ಒಂದು ಮುಷ್ಟಿ ಮುಗಿಯುವಷ್ಟರಲ್ಲಿ ಅವ್ವ ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ಶೀಲಾ, ಅಕೀ ಮಾರಿ ನೋಡು. ಹೆಂಗದ?"

ನೋಡಿದೆ. ಜೈತುನಬೀ ಬದುವಿನ ಮೇಲೆ ತಲೆ ತುಂಬ ಸೆರಗು ಹೊದ್ದು, ಎರಡೂ ಅಂಗೈ ಎತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ತುಟಿ ಅಲುಗುತ್ತಿದ್ದವು. ದುವಾ ಮುಗಿಸಿ ಕಣ್ಣು ಬಿಟ್ಟು ಅವ್ವನ ಕೈಯನ್ನೇ ನೋಡಿದಳು, ನೋಡಿ ನಕ್ಕಳು. ನಾನು ಅವಳ ಮುಖವನ್ನೆಲ್ಲ ಹುಡುಕಿದೆ. ಕಣ್ಣಲ್ಲಿ ನೋಡಿದೆ, ಹುಬ್ಬಿನಲ್ಲಿ ನೋಡಿದೆ, ತುಟಿಯ ಕೊನೆಯಲ್ಲಿ ನೋಡಿದೆ. ಒಂದು ಚೂರೂ ಉರಿ ಇರಲಿಲ್ಲ.

"ಉರಿಯಾಕತ್ತದವ್ವ," ಎಂದೆ.

"ಭಾಳ?"

"ಭಾಳ."

ಅವ್ವ ತೃಪ್ತಿಯಿಂದ ಉಸಿರು ಬಿಟ್ಟು ಇನ್ನೊಂದು ಮುಷ್ಟಿ ತುಂಬಿಕೊಂಡಳು. ಅವಳು ಕೂರಿಗೆಯ ಹಿಂದೆ ಕುಂಟುತ್ತ ಸಾಲಿನುದ್ದಕ್ಕೂ ನಡೆದು ಹೋದಳು. ತನ್ನ ಬೀಜಕ್ಕೆ ಇನ್ನೊಬ್ಬಳ ಕೈ ಬಿದ್ದಾಗಲೂ ದುವಾ ಮಾಡಲು ಬರುತ್ತದಲ್ಲ ಆ ಹೆಂಗಸಿಗೆ ಎಂದು ನಾನು ಬದುವಿನ ಕಡೆಗೇ ನೋಡುತ್ತ ನಿಂತೆ. ಇಡೀ ಹೊಲದಲ್ಲಿ ಹೊಟ್ಟೆ ಉರಿಯುತ್ತಿದ್ದದ್ದು ನನಗೊಬ್ಬಳಿಗೇ.